ಚಿತ್ರದ ಜಾತಿ, ಚಿತ್ರದ ಗುಣ

ಲೋಕದ ರುಚಿ ಬೇರೆ ಬೇರೆ ಎಂಬುದು ಹಳೆಯ ಮಾತು. ಒಬ್ಬರಿಗೆ ಬದನೆಕಾಯಿ ಹಿತ, ಇನ್ನೊಬ್ಬರಿಗೆ ಅದು ನಂಜು. ಇದರಲ್ಲಿ ನೀತಿ ಅನೀತಿಗಳ ಪ್ರಶ್ನೆಯೇನೂ ಏಳುವುದಿಲ್ಲ. ಆದರೆ ಬದನೆಕಾಯಿ ತಿನ್ನದವನು, ಅದನ್ನು ತಿನ್ನುವವರೆಲ್ಲ ಕೀಳು ಜನವೆಂದು ಬಗೆದರೆ? ಆಗ ಮಾತು ನಾಲಗೆಯನ್ನು ಬಿಟ್ಟು ಮನಸ್ಸಿಗೆ ಇಳಿಯುತ್ತದೆ. ರುಚಿಯ ಪ್ರಶ್ನೆ ನೀತಿಯ ಪ್ರಶ್ನೆಯಾಗುತ್ತದೆ. ಚಲಚ್ಚಿತ್ರಗಳ ವಿಷಯದಲ್ಲಿ ನಮ್ಮ ವಿದ್ಯಾವಂತ ವರ್ಗಕ್ಕೆ ಈ ಅವಸ್ಥೆ ಒದಗಿದೆಯೆಂದು ನನ್ನ ಅನುಮಾನ. ಅದನ್ನು ಸ್ವಲ್ಪ ವಿಚಾರ ಮಾಡಿ ನೋಡೋಣ.

ಅಧ್ಯಾಪಕರು ನಾಲ್ಕು ಜನ ಸೇರಿದ ಕಡೆ ಸತ್ಯಜಿತ್ ರಾಯ್ ಎಂದರೆ ಎಲ್ಲರೂ ತಲೆದೂಗುತ್ತಾರೆ. ನೋಡಿದವರೂ ತೂಗುತ್ತಾರೆ, ನೋಡದವರು ಇನ್ನೂ ಸ್ವಲ್ಪ ಹೆಚ್ಚಾಗಿಯೇ ತೂಗುತ್ತಾರೆ. ಅದೇ ಸಭೆಯಲ್ಲಿ ‘ವೆಸ್ಟರ್ನ್’ ಚಿತ್ರದ ಮಾತನ್ನು ಎತ್ತಿ ನೋಡಿ. “ಓ, ಆ ಕುದುರೆ ಬಂದೂಕಿನ ಚಿತ್ರವೇ?” ಎಂಬ ಒಂದು ಕಿರುನಗೆ ಮುಖದಿಂದ ಮುಖಕ್ಕೆ ಹರಿಯುತ್ತದೆ. ಪತ್ತೇದಾರಿ ಚಿತ್ರ, ಕಳ್ಳಸಾಗಣೆಯ ಚಿತ್ರ, ದೆವ್ವದ ಚಿತ್ರ, ಇವುಗಳಿಗೂ ಅದೇ ನಗೆಯೇ ಗತಿ. ವೆಸ್ಟರ್ನ್ ಎಂದರೆ ಪಾಶ್ಚಾತ್ಯರ ಚಿತ್ರವೆಲ್ಲ ಅಲ್ಲ. ಅಮೆರಿಕದ ಪಶ್ಚಿಮ ಸೀಮೆಯಲ್ಲಿ, ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಕಾನೂನು ಇನ್ನೂ ಬೇರೂರದ ಊರುಗಳಲ್ಲಿ ನಡೆದಂತೆ ಹೇಳುವ ಕಥೆಗಳ ಚಿತ್ರ. ದನ ಕಾಯುವ ಸವಾರರು, ದನ ಹೊಡೆಯುವ ಕಳ್ಳರು, ಒಬ್ಬಂಟಿ ಅಧಿಕಾರಿ, ದೂಳೆದ್ದ ಬೀದಿ, ಕೊನೆಗೊಂದು ಗುಂಡಿನ ಕಾಳಗ. ಸಾಮಗ್ರಿಯೇನೋ ಇಷ್ಟೇ. ಇಷ್ಟನ್ನು ಕೇಳಿದೊಡನೆಯೇ ತೀರ್ಪು ಕೊಡುವುದು ಸರಿಯೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಒಂದೇ ಚೌಕಟ್ಟಿನಲ್ಲಿ ಮತ್ತೆ ಮತ್ತೆ ಬರುವ ಕೃತಿಗಳ ಗುಂಪಿಗೆ ನಾವು ಪ್ರಭೇದ ಎನ್ನಬಹುದು, ಪ್ರಕಾರ ಎನ್ನಬಹುದು. ಛಂದಶ್ಶಾಸ್ತ್ರದ ಮಾತನ್ನು ಎರವಲು ತಂದರೆ ಜಾತಿ ಎಂದೂ ಹೇಳಬಹುದು. ಈ ಮೂರನೆಯ ಮಾತು ನನಗೆ ಇಲ್ಲಿ ಒಪ್ಪುತ್ತದೆ. ಏಕೆಂದರೆ ನಮ್ಮ ಸಮಾಜ ಮನುಷ್ಯನ ವಿಷಯದಲ್ಲಿ ಯಾವ ತಪ್ಪನ್ನು ಬಹುಕಾಲ ಮಾಡಿಕೊಂಡು ಬಂದಿತೋ ಅದನ್ನೇ ನಾವು ಚಿತ್ರಗಳ ವಿಷಯದಲ್ಲಿ ಮಾಡುತ್ತಿದ್ದೇವೆ: ಗುಣ ವಿಚಾರಿಸುವ ಮೊದಲೇ ಜಾತಿ ಕೇಳುವುದು. ಮನುಷ್ಯನಿಗೆ ಆಗುವ ಅನ್ಯಾಯಕ್ಕೂ ಒಂದು ಚಿತ್ರಕ್ಕೆ ಆಗುವ ಅನ್ಯಾಯಕ್ಕೂ ಸಮನಿಲ್ಲ, ನಿಜ. ಆದರೆ ಅಭ್ಯಾಸವೆಂಬುದು ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೂ ಹೊತ್ತುಕೊಂಡು ಹೋಗುತ್ತದೆ.

“ಮತ್ತೆ ಮತ್ತೆ ಅದೇ ಕಥೆ” ಎಂಬುದು ಮೊದಲ ಆಕ್ಷೇಪ. ಇದನ್ನು ಹೇಳುವವರು ನಮ್ಮ ವೀರಗಲ್ಲುಗಳನ್ನು ಒಮ್ಮೆ ನೆನೆಯಬೇಕು. ಕನ್ನಡ ನಾಡಿನಲ್ಲಿ ಊರ ಹೊರಗೆ, ಕೆರೆ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತಿರುವ ಈ ಕಲ್ಲುಗಳಿಗೆ ಒಂದು ಕಟ್ಟುಪಾಡು ಉಂಟು. ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರರು. ಸಾವಿರ ಕಲ್ಲುಗಳಲ್ಲಿ ಇದೇ ಕಥೆ. ಆ ಕಥೆಗಳ ವಸ್ತುವನ್ನಾದರೂ ನೋಡಿ: ಬಹಳಷ್ಟು ಕಡೆ ತುರುಗೋಳು. ಕಳ್ಳರು ಊರ ದನಗಳನ್ನು ಹೊಡೆದುಕೊಂಡು ಹೋಗುತ್ತಾರೆ. ಒಬ್ಬ ವೀರ ಬೆನ್ನಟ್ಟುತ್ತಾನೆ. ದನ ಹಿಂದಿರುಗುತ್ತವೆ, ಅವನು ಹಿಂದಿರುಗುವುದಿಲ್ಲ. ಕುದುರೆಯ ಮೇಲೊಬ್ಬ ಸವಾರ, ದೂಳು, ದನ, ಸಾವು! ಹಾಲಿವುಡ್ಡು ಹುಟ್ಟುವುದಕ್ಕೆ ಸಾವಿರ ವರ್ಷ ಮೊದಲೇ ನಮ್ಮ ಕಲ್ಲುಕುಟಿಗರು ಈ ಚಿತ್ರವನ್ನು ತೆಗೆದಿದ್ದಾರೆ.

ಹಾಗೆಂದು ಆ ಕಲ್ಲುಗಳೆಲ್ಲ ಒಂದೇ ಏನು? ಮಂಡ್ಯ ಸೀಮೆಯ ಆತಕೂರಿನಿಂದ ಬಂದು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನಶಿಲೆಯನ್ನು ನೋಡಿ. ಅದರ ಮೇಲಿರುವ ವೀರ ಮನುಷ್ಯನಲ್ಲ. ಕಾಳಿ ಎಂಬ ಬೇಟೆನಾಯಿ. ಕಾಡುಹಂದಿಯೊಡನೆ ಕಾದಾಡಿ ಹಂದಿಯೊಂದಿಗೆ ತಾನೂ ಸತ್ತ ಆ ನಾಯಿಗೆ ಅದರ ಒಡೆಯ ಕಲ್ಲು ನಿಲ್ಲಿಸಿದ. ಕಟ್ಟುಪಾಡು ಗೊತ್ತಿದ್ದವನಿಗೆ ಮಾತ್ರ ಈ ಮುರಿಯುವಿಕೆಯ ಸೊಗಸು ಕಾಣುತ್ತದೆ. ಯಕ್ಷಗಾನ ನೋಡುವವನಿಗೆ ಕರ್ಣ ಸಾಯುತ್ತಾನೆಂದು ತಿಳಿಯದೆ? ಇವತ್ತಿನ ವೇಷಧಾರಿ ಹೇಗೆ ಸಾಯುತ್ತಾನೆ, ಸಾಯುವ ಮುನ್ನ ಏನು ಮಾತಾಡುತ್ತಾನೆ ಎಂದು ಅವನು ಬೆಳಗಿನವರೆಗೆ ಕುಳಿತಿರುತ್ತಾನೆ. ಚೌಕಟ್ಟು ಒಂದೇ ಎಂಬುದು ದೋಷವಲ್ಲ. ಚೌಕಟ್ಟಿನೊಳಗೆ ಏನೂ ಇಲ್ಲದಿರುವುದು ದೋಷ.

ನಮ್ಮ ಬೆಂಗಳೂರಿನ ಉತ್ತರ ಭಾಗದಲ್ಲೇ, ಹೆಬ್ಬಾಳದಲ್ಲಿ, ಕಿತ್ತಯ್ಯನೆಂಬ ವೀರನ ಕಲ್ಲು 2018ರಲ್ಲಿ ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಕಾಳಗದಲ್ಲಿ ಮಡಿದವನ ನೆನಪು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ದಿನವೂ ಯಲಹಂಕದ ಕಡೆಗೂ ವಿಮಾನ ನಿಲ್ದಾಣದ ಕಡೆಗೂ ಹರಿಯುವ ವಾಹನಗಳ ಸಾಲನ್ನು ಬಲ್ಲವರು, ಅದರ ಆಸುಪಾಸಿನಲ್ಲೇ ಹನ್ನೆರಡು ನೂರು ವರ್ಷಕ್ಕೂ ಹಿಂದಿನ ಕನ್ನಡ ಅಕ್ಷರ ಇತ್ತೆಂಬುದನ್ನು ನೆನೆದರೆ ಬೆರಗಾಗಬೇಕು. ಕಲ್ಲು ಇರಲೇ ಇತ್ತು. ಅದನ್ನು ಕಲ್ಲೆಂದು ದಾಟದೆ, ನಿಂತು ಓದುವ ಕಣ್ಣು ಬರಬೇಕಾಗಿತ್ತು. ಅಲಕ್ಷ್ಯಕ್ಕೆ ಒಳಗಾದ ವಸ್ತುವಿನ ಚರಿತ್ರೆಯೆಲ್ಲ ಬಹುಶಃ ಇಷ್ಟೇ.

ಇನ್ನು ವೆಸ್ಟರ್ನ್‌ಗಳ ಒಳಕ್ಕೆ ಹೋಗಿ ನೋಡೋಣ. 1952ರ ‘ಹೈ ನೂನ್’ ಒಂದೂವರೆ ಗಂಟೆಯೂ ಇಲ್ಲದ ಚಿತ್ರ. ಸಣ್ಣ ಊರಿನ ಅಧಿಕಾರಿ ಅಂದೇ ಮದುವೆಯಾಗಿ ಕೆಲಸ ಬಿಟ್ಟು ಹೊರಟಿದ್ದಾನೆ. ಅವನು ಹಿಂದೆ ಸೆರೆಗೆ ಕಳುಹಿಸಿದ್ದ ಕೊಲೆಗಾರ ಮಧ್ಯಾಹ್ನದ ರೈಲಿಗೆ ಬರುತ್ತಾನೆಂದು ಸುದ್ದಿ. ಅಧಿಕಾರಿ ಮನೆಮನೆಗೆ, ಚರ್ಚಿಗೆ, ಹೆಂಡದಂಗಡಿಗೆ ಹೋಗಿ ನೆರವು ಕೇಳುತ್ತಾನೆ. ಚರ್ಚಿನಲ್ಲಿ ಭಾಷಣಗಳಾಗುತ್ತವೆ; ಅವನನ್ನು ಹೊಗಳುತ್ತಾರೆ; ಒಬ್ಬನೂ ಏಳುವುದಿಲ್ಲ. ಕೊನೆಗೆ ಅವನ ಬಳಿಗೆ ಬರುವವಳು ಅಹಿಂಸೆಯನ್ನು ವ್ರತವಾಗಿ ಹಿಡಿದ ಕ್ವೇಕರ್ ಪಂಥದ ಹೆಂಡತಿ. ಗಂಡನ ಪ್ರಾಣಕ್ಕಾಗಿ ಅವಳು ವ್ರತವನ್ನು ಮುರಿದು ಗುಂಡು ಹಾರಿಸುತ್ತಾಳೆ. ಕೊಲೆಗಾರರು ಸತ್ತ ಮೇಲೆ ಊರವರೆಲ್ಲ ಹೊರಬರುತ್ತಾರೆ. ಅವನು ಎದೆಯ ಮೇಲಿನ ಬಿಲ್ಲೆಯನ್ನು ಕಿತ್ತು ದೂಳಿಗೆ ಎಸೆದು ಗಾಡಿ ಹತ್ತುತ್ತಾನೆ. ಒಂದು ಊರಿಗೆ ತನ್ನನ್ನು ರಕ್ಷಿಸಿದವನ ಮುಖವನ್ನು ನೋಡುವ ಯೋಗ್ಯತೆ ಉಳಿದಿದೆಯೇ? ವ್ರತ ಮುರಿದವಳು ತಪ್ಪು ಮಾಡಿದಳೇ? ತರಗತಿಯಲ್ಲಿ ಧರ್ಮಸೂಕ್ಷ್ಮವೆಂದು ನಾವು ಪಾಠ ಹೇಳುವುದು ಇಂಥವನ್ನೇ ಅಲ್ಲವೆ?

ಮುಂದಿನ ವರ್ಷದ ‘ಷೇನ್’ ಇದರ ಇನ್ನೊಂದು ಮಗ್ಗುಲು. ಬಂದೂಕಿನ ಬಾಳನ್ನು ಬಿಡಬೇಕೆಂದು ಬಂದವನೊಬ್ಬ ಬಡ ರೈತರ ಪರವಾಗಿ ಮತ್ತೆ ಬಂದೂಕು ಹಿಡಿಯುತ್ತಾನೆ. ಅನ್ಯಾಯಗಾರರು ಸಾಯುತ್ತಾರೆ. ಆದರೆ ಕೊಂದ ಕೈ ಆ ಮನೆಯ ಊಟದ ಮೇಜಿಗೆ ಹಿಂದಿರುಗಲಾರದು. ಅವನು ಕುದುರೆ ಏರಿ ಹೊರಟುಬಿಡುತ್ತಾನೆ, ಹುಡುಗನೊಬ್ಬ ಹಿಂದಿನಿಂದ ಕೂಗುತ್ತಾನೆ. ನಮ್ಮ ವೀರಗಲ್ಲಿನ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಇಲ್ಲಿಯ ವೀರನನ್ನು ಬೆಟ್ಟದ ದಾರಿ ಕರೆದೊಯ್ಯುತ್ತದೆ. ಎರಡು ಕಥೆಗಳಿಗೂ ಗೊತ್ತಿರುವ ಸತ್ಯ ಒಂದೇ: ಒಳ್ಳೆಯದಕ್ಕಾಗಿಯೇ ಆದರೂ ಹಿಂಸೆಯನ್ನು ಕೈಗೆತ್ತಿಕೊಂಡವನಿಗೆ ತಾನು ಉಳಿಸಿದ ಊರಿನಲ್ಲಿ ಜಾಗವಿಲ್ಲ.

ಇವೆರಡೂ ಹೆಸರಾದ ಚಿತ್ರಗಳು. ಹೆಸರಾಗದ ಒಂದನ್ನು ಹೇಳುತ್ತೇನೆ. ಬಡ್ ಬೆಟಿಕರ್ ಎಂಬ ನಿರ್ದೇಶಕರು ರ್‍ಯಾಂಡಲ್ಫ್ ಸ್ಕಾಟ್ ಎಂಬ, ಆಗಲೇ ವಯಸ್ಸಾಗಿದ್ದ ನಟರನ್ನು ಇಟ್ಟುಕೊಂಡು 1956ರಿಂದ 1960ರವರೆಗೆ ಕೆಲವು ಸಣ್ಣ ವೆಸ್ಟರ್ನ್‌ಗಳನ್ನು ತೆಗೆದರು. ಕಡಿಮೆ ಹಣ, ಕಡಿಮೆ ಜನ. ಮೊದಲನೆಯದನ್ನು ಫ್ರಾನ್ಸಿನ ವಿಮರ್ಶಕ ಆಂದ್ರೆ ಬಜಾನ್ ಕಂಡು ಮೆಚ್ಚಿ ಬರೆದರು. ಆದರೂ ಬಹುಕಾಲ ಅವುಗಳನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಅವುಗಳಲ್ಲಿ 1959ರ ‘ರೈಡ್ ಲೋನ್‌ಸಮ್’ ಎಪ್ಪತ್ತಮೂರು ನಿಮಿಷದ್ದು. ನಾಯಕ ಒಬ್ಬ ಯುವ ಕೊಲೆಗಾರನನ್ನು ಹಿಡಿದು ಒಯ್ಯುತ್ತಾನೆ, ಬಹುಮಾನದ ಹಣಕ್ಕೆಂದು ಎಲ್ಲರೂ ತಿಳಿಯುತ್ತಾರೆ. ನಿಜವಾಗಿ ಅವನು ಕಾಯುತ್ತಿರುವುದು ಆ ಹುಡುಗನ ಅಣ್ಣನಿಗಾಗಿ. ಆ ಅಣ್ಣ ವರ್ಷಗಳ ಹಿಂದೆ ಇವನ ಹೆಂಡತಿಯನ್ನು ಒಂದು ಮರಕ್ಕೆ ನೇಣು ಹಾಕಿದ್ದ. ಇವನ ಬಾಳನ್ನೆಲ್ಲ ಸುಟ್ಟ ಆ ಕೃತ್ಯ ಮಾಡಿದವನ ನೆನಪಿನಿಂದಲೇ ಹೆಚ್ಚುಕಡಿಮೆ ಮಾಸಿಹೋಗಿದೆ! ನೊಂದವನು ಹೊತ್ತು ತಿರುಗುವುದನ್ನು ನೋಯಿಸಿದವನು ಮರೆತೇಬಿಟ್ಟಿರುತ್ತಾನೆ. ಹಗೆಯ ವಿಷಯವಾಗಿ ಇದಕ್ಕಿಂತ ದಾರುಣವಾದ ಮಾತು ಉಂಟೇ?

ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಹುಡುಗನನ್ನು ಒಪ್ಪಿಸಿದರೆ ತನ್ನ ಹಳೆಯ ಅಪರಾಧಗಳಿಗೆ ಕ್ಷಮೆ ದೊರಕುವುದೆಂದು ದಾರಿಯುದ್ದಕ್ಕೂ ಹೊಂಚುತ್ತ ಬಂದವನೊಬ್ಬನಿದ್ದಾನೆ. ಕೊನೆಗೆ ನಾಯಕನಿಗೂ ಅವನಿಗೂ ಕಾಳಗ ಆಗಲೇಬೇಕೆಂದು ಚೌಕಟ್ಟು ಬಲ್ಲ ಪ್ರೇಕ್ಷಕ ಕಾಯುತ್ತಾನೆ. ಕಾಳಗ ಆಗುವುದಿಲ್ಲ. ನಾಯಕ ಹುಡುಗನನ್ನು ಅವನ ಕೈಗೆ ಕೊಟ್ಟುಬಿಡುತ್ತಾನೆ, ಹೊಸ ಬಾಳು ಬಾಳಲೆಂದು. ತಾನೊಬ್ಬನೇ ಹಿಂದೆ ಉಳಿದು ಆ ನೇಣಿನ ಮರಕ್ಕೆ ಬೆಂಕಿ ಹಚ್ಚುತ್ತಾನೆ. ಹಗೆ ತೀರಿದ ಮೇಲೆಯೂ ಸುಡಬೇಕಾದದ್ದು ಒಂದು ಉಳಿದಿರುತ್ತದೆಂದು, ಒಂದು ಮಾತೂ ಆಡದೆ, ಆ ಉರಿಯುವ ಮರ ಹೇಳುತ್ತದೆ. ಇಂಥದನ್ನು ‘ಕುದುರೆ ಬಂದೂಕಿನ ಚಿತ್ರ’ವೆಂದು ನೂಕಿದವನು ಕಳೆದುಕೊಂಡದ್ದು ಸ್ವಲ್ಪವಲ್ಲ.

ಈ ಸಣ್ಣ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ಬಂಡೆಗಳ ರಾಶಿ ಕ್ಯಾಲಿಫೋರ್ನಿಯದ್ದು. ನೋಡಿದರೆ ಮೈಸೂರು ರಸ್ತೆಯ ನಮ್ಮ ರಾಮನಗರದ ನೆನಪಾಗುತ್ತದೆ. ವೆಸ್ಟರ್ನ್ ಅಲ್ಲಿಗೂ ಬಂತು. ರಮೇಶ್ ಸಿಪ್ಪಿಯವರು 1973ರಲ್ಲಿ ‘ಶೋಲೆ’ಗಾಗಿ ಆ ಬಂಡೆಗಳ ನಡುವೆ ಒಂದು ಊರನ್ನೇ ಕಟ್ಟಿಸಿದರು. 1975ರ ಆಗಸ್ಟ್ 15ರಂದು ಚಿತ್ರ ತೆರೆ ಕಂಡಿತು. ಅದರ ಮುಕ್ತಾಯದ ಕಥೆ ನಮ್ಮ ಪ್ರಶ್ನೆಗೆ ಹತ್ತಿರದ್ದು. ಮೊದಲು ತೆಗೆದ ಮುಕ್ತಾಯದಲ್ಲಿ ಕೈಗಳನ್ನು ಕಳೆದುಕೊಂಡ ಠಾಕೂರನು ಗಬ್ಬರನನ್ನು ತಾನೇ ಕೊಲ್ಲುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ. ಮಾಜಿ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆ ತೆಗೆದುಕೊಳ್ಳುವುದು ಸೆನ್ಸಾರಿಗೆ ಒಪ್ಪಿಗೆಯಾಗಲಿಲ್ಲ. ಪೊಲೀಸರು ಬಂದು ತಡೆಯುವಂತೆ ಮುಕ್ತಾಯವನ್ನು ಮತ್ತೆ ತೆಗೆದರು. ಐವತ್ತು ವರ್ಷದ ಬಳಿಕ, 2025ರಲ್ಲಿ, ಇಟಲಿಯ ಬೊಲೋನ್ಯಾದ ಚಿತ್ರೋತ್ಸವದಲ್ಲಿ ಮೂಲ ಮುಕ್ತಾಯದೊಡನೆ ಚಿತ್ರ ತೋರಿಸಲ್ಪಟ್ಟಿತು. ಹಗೆಯೋ ಕಾನೂನೋ ಎಂಬ ಪ್ರಶ್ನೆ ತೆರೆಯ ಮೇಲೆ ಆಡಿದ್ದಲ್ಲದೆ, ಸರಕಾರದ ಕೋಣೆಯಲ್ಲೂ ಆಡಿತು. ಜನರ ಸ್ವಾತಂತ್ರ್ಯಗಳನ್ನೇ ಕಿತ್ತುಕೊಂಡಿದ್ದ ಕಾಲದಲ್ಲಿ ಕಾನೂನಿನ ಮರ್ಯಾದೆಗಾಗಿ ಒಂದು ಚಿತ್ರದ ಕೊನೆ ಬದಲಾಯಿತೆಂಬುದನ್ನು ವಾಚಕರು ತಾವೇ ಮೆಲುಕು ಹಾಕಬೇಕು.

ಈ ಕಥೆಗಳಿಗೆ ಒಂದು ವಂಶಾವಳಿಯೂ ಉಂಟು. ಜಪಾನಿನ ಕುರೊಸಾವ ಅಮೆರಿಕದ ಜಾನ್ ಫೋರ್ಡರ ವೆಸ್ಟರ್ನ್‌ಗಳನ್ನು ಮೆಚ್ಚಿದವರು. ಅವರ ‘ಸೆವೆನ್ ಸಮುರಾಯ್’ 1954ರಲ್ಲಿ ಬಂತು. ಅದು 1960ರಲ್ಲಿ ಅಮೆರಿಕಕ್ಕೆ ಹೋಗಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಎಂಬ ವೆಸ್ಟರ್ನ್ ಆಯಿತು. ಅದರ ನೆರಳು ರಾಮನಗರದ ಬಂಡೆಗಳ ಮೇಲೆ ಬಿತ್ತು. ಕನ್ನಡದಲ್ಲಿ ಗಿರೀಶ ಕಾರ್ನಾಡರು ಕುರೊಸಾವರ ಸಮುರಾಯ್ ಚಿತ್ರಗಳ ಜಾಡು ಹಿಡಿದು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ತೆಗೆದರು. ಹೊಯ್ಸಳರ ಕಾಲ, ಕೂಲಿಗೆ ಕಾದುವ ವೀರರು, ಮೊದಲು ಎದುರಾಳಿಗಳಾಗಿ ಆಮೇಲೆ ಒಂದಾಗುವ ಇಬ್ಬರು. ಶಂಕರ್ ನಾಗ್ ಅವರಿಗೆ 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಬಂತು. ಕತ್ತಿ ಕಾಳಗದ ಈ ಚಿತ್ರವನ್ನು ವಿದ್ಯಾವಂತರು ಒಪ್ಪಿದರು, ಒಪ್ಪಬೇಕಾದ್ದೇ. ಆದರೆ ‘ತುಘಲಕ್’ ಬರೆದವರು ತೆಗೆದರೆಂದು ಒಪ್ಪಿದರೋ, ಚಿತ್ರದ ಗುಣ ಕಂಡು ಒಪ್ಪಿದರೋ? ಅದೇ ಕಾಳಗವನ್ನು ಹೆಸರಿಲ್ಲದವನೊಬ್ಬ ತೆಗೆದಿದ್ದರೆ ಚಿತ್ರದ ಜಾತಿ ಬೇರೆಯಾಗುತ್ತಿತ್ತಲ್ಲವೆ?

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ವೆಸ್ಟರ್ನ್ ಚಿತ್ರಗಳ ನೆಲ ಯಾರದು? ಆ ನೆಲದ ಮೂಲ ನಿವಾಸಿಗಳನ್ನು ಅಟ್ಟಿ ಪಡೆದದ್ದು. ಎಷ್ಟೋ ಚಿತ್ರಗಳಲ್ಲಿ ಆ ಜನ ಕೂಗುತ್ತ ಬಂದು ಗುಂಡಿಗೆ ಬೀಳುವ ನೆರಳುಗಳು ಮಾತ್ರ. ಇಂಥದರಲ್ಲಿ ಸೊಗಸು ಕಾಣುವುದು ಅನ್ಯಾಯದಲ್ಲಿ ಪಾಲುಗೊಂಡಂತಲ್ಲವೆ? ಈ ಮಾತನ್ನು ಹಾರಿಸಿಬಿಡುವಂತಿಲ್ಲ. ಜಾನ್ ಫೋರ್ಡರ 1956ರ ‘ದಿ ಸರ್ಚರ್ಸ್’ ದೊಡ್ಡ ಚಿತ್ರ. ಅದನ್ನು ತೆಗೆದದ್ದು ನವಾಹೋ ಜನರ ನೆಲದಲ್ಲಿ. ತೆರೆಯ ಮೇಲೆ ಆ ನವಾಹೋ ಜನರೇ ಕೊಮಾಂಚಿಗಳ ವೇಷ ಹಾಕಿ ಕಾಣಿಸಿಕೊಂಡರು. ಕಥೆಯ ನಾಯಕ, ಕೊಮಾಂಚಿಗಳು ಹೊತ್ತೊಯ್ದ ತಮ್ಮನ ಮಗಳನ್ನು ವರ್ಷಗಟ್ಟಲೆ ಹುಡುಕುತ್ತಾನೆ. ಹುಡುಕುವುದು ಉಳಿಸಲಿಕ್ಕಲ್ಲ, ಅವರಲ್ಲಿ ಒಬ್ಬಳಾಗಿ ಕೆಟ್ಟಳೆಂದು ಕೊಲ್ಲಲಿಕ್ಕೆ. ಸಿಕ್ಕಾಗ ಕೊಲ್ಲಲಾರದೆ ತೋಳಿನಲ್ಲಿ ಎತ್ತಿಕೊಳ್ಳುತ್ತಾನೆ. ಮನೆಯವರೆಲ್ಲ ಒಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ, ಅವನು ಹೊರಗೆ ಉಳಿಯುತ್ತಾನೆ. ಆ ದ್ವೇಷವನ್ನು ಚಿತ್ರ ನೋಡುತ್ತದೆ. ಆದರೆ ದ್ವೇಷಕ್ಕೆ ಗುರಿಯಾದವರ ಕಣ್ಣಿನಿಂದ ನೋಡುವುದಿಲ್ಲ. ಎರಡೂ ನಿಜ. ಎರಡನ್ನೂ ಹೇಳಬೇಕು.

ನಮ್ಮ ವೀರಗಲ್ಲಿಗೂ ಈ ಮಾತು ಅನ್ವಯಿಸುತ್ತದೆ. ದನ ಕಾದವನಿಗೆ ಇಲ್ಲಿ ಕಲ್ಲು ನಿಂತಿದೆ. ದನ ಹೊಡೆಯಲು ಬಂದು ಸತ್ತವನಿಗೂ ತಾಯಿ ಇದ್ದಳಲ್ಲ. ಅವನ ಊರಿನಲ್ಲಿ ಅವನಿಗೂ ಯಾರಾದರೂ ಕಲ್ಲು ನಿಲ್ಲಿಸಿರಬಹುದು. ಹಾಗೆಂದು ನಾವು ವೀರಗಲ್ಲನ್ನು ಒಡೆಯುತ್ತೇವೆಯೇ? ಅದನ್ನು ನೋಡುವಾಗ ಕಲ್ಲಿನಲ್ಲಿ ಇಲ್ಲದವನನ್ನೂ ನೆನೆಯುತ್ತೇವೆ, ಅಷ್ಟೆ. ಮೆಚ್ಚುವುದೆಂದರೆ ಕಣ್ಣು ಮುಚ್ಚುವುದಲ್ಲ. ಕಣ್ಣನ್ನು ಪೂರ್ತಿ ತೆರೆದ ಮೇಲೂ ಉಳಿಯುವ ಮೆಚ್ಚಿಕೆ ಯಾವುದೋ ಅದೇ ಮೆಚ್ಚಿಕೆ. ನೋಡದೆ ತಿರಸ್ಕರಿಸುವವನಿಗೆ ಅನ್ಯಾಯವೂ ಕಾಣುವುದಿಲ್ಲ, ಸೊಗಸೂ ಕಾಣುವುದಿಲ್ಲ.

ಕಡೆಯದಾಗಿ ಒಂದು ಮಾತು. ನನಗೆ ಇದೇ ಮುಖ್ಯ. ಚಿತ್ರಗಳ ಜಾತಿಯನ್ನು ಹೀಗಳೆಯುವಾಗ ನಾವು ನಿಜವಾಗಿ ಹೀಗಳೆಯುತ್ತಿರುವುದು ಯಾರನ್ನು? ಯಶವಂತಪುರದ ಮಾರುಕಟ್ಟೆಯಲ್ಲಿ ಹಗಲೆಲ್ಲ ಮೂಟೆ ಹೊತ್ತವನು, ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವನು, ಸಂಜೆ ಗಾಂಧಿ ಕ್ಲಾಸಿನಲ್ಲಿ ಕುಳಿತು ಶಿಳ್ಳೆ ಹಾಕುತ್ತಿದ್ದುದು ಇಂಥ ಚಿತ್ರಗಳಿಗೆ. 1968ರಲ್ಲಿ ದೊರೆ–ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜಕುಮಾರರನ್ನು ಸಿ.ಐ.ಡಿ. 999 ಮಾಡಿತು. ದ್ವಾರಕೀಶರು ‘ಕೌಬಾಯ್ ಕುಳ್ಳ’ನಾಗಿ ಟೊಪ್ಪಿಗೆ ಹಾಕಿಕೊಂಡು ಬಂದರು. 1978ರಲ್ಲಿ ಕಾಶೀನಾಥರ ‘ಅಪರಿಚಿತ’, 1980ರಲ್ಲಿ ಶಂಕರ್ ನಾಗರ ‘ಮಿಂಚಿನ ಓಟ’. ಇಂಗ್ಲಿಷಿನ ‘ಮೆಕೆನ್ನಾಸ್ ಗೋಲ್ಡ್’ 1969ರಲ್ಲಿ ತನ್ನ ನಾಡಿನಲ್ಲಿ ಸೋತು, ನಮ್ಮ ದೇಶದಲ್ಲಿ ಜನರನ್ನು ತುಂಬಿಸಿತು. ‘ಸಂಸ್ಕಾರ’ದ ವಿಷಯವಾಗಿ ನಮ್ಮವರು ಪುಟಗಟ್ಟಲೆ ಬರೆದರು, ಅದಕ್ಕೆ ತಕ್ಕ ಚಿತ್ರವೇ ಅದು. ಆದರೆ ಈ ಇನ್ನೊಂದು ಸಾಲನ್ನು ಒಂದೊಂದಾಗಿ ತೆಗೆದು, ಇದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ತೂರಿ ನೋಡಿದ ವಿಮರ್ಶಕರು ಎಷ್ಟು ಜನ? ಜೊಳ್ಳು ಬಹಳವೇ ಇರಬಹುದು. ತೂರದೆ ಹೇಳುವುದು ಹೇಗೆ?

ಇದರ ವಿರುದ್ಧ ದಿಕ್ಕಿನ ತಪ್ಪೂ ಒಂದುಂಟು. ಜನ ಮೆಚ್ಚಿದರೆಂದೇ ಎಲ್ಲವನ್ನೂ ಕೊಂಡಾಡುವ ಹೊಸ ಫ್ಯಾಷನ್ನು. ಇದೂ ತಿರಸ್ಕಾರವೇ, ನಗುಮುಖದ ತಿರಸ್ಕಾರ: “ಅವರಿಗೆ ಇಷ್ಟು ಸಾಕು” ಎಂಬುದು ಅದರ ಒಳಮಾತು. ಮೂಟೆ ಹೊರುವವನು ಒಳ್ಳೆಯ ಚಿತ್ರಕ್ಕೂ ಕೆಟ್ಟ ಚಿತ್ರಕ್ಕೂ ಒಂದೇ ಶಿಳ್ಳೆ ಹಾಕುವುದಿಲ್ಲ. ಎರಡನೆಯ ಸಲ ಯಾವುದಕ್ಕೆ ಕಾಸು ಕೊಡಬೇಕೆಂದು ಅವನು ಬಲ್ಲ. ಅವನಿಗೆ ನಾವು ಸಲ್ಲಿಸಬಹುದಾದ ಮರ್ಯಾದೆಯೆಂದರೆ ಅವನು ಮೆಚ್ಚಿದ್ದನ್ನು ಅವನಷ್ಟೇ ಗಮನವಿಟ್ಟು ನೋಡಿ, ಆಮೇಲೆ ಒಪ್ಪುವುದು ಅಥವಾ ಒಪ್ಪದಿರುವುದು.

ದಂಡಿನ ಪ್ಲಾಜಾ ಇಲ್ಲ. ರೆಕ್ಸ್ ಚಿತ್ರಮಂದಿರ 2018ರ ಕೊನೆಗೆ ಮುಚ್ಚಿತು. ನಮಗಿಂತ ಹಿಂದಿನ ತಲೆಮಾರಿನವರು ಯಲಹಂಕದಿಂದಲೂ ಹೆಬ್ಬಾಳದಿಂದಲೂ ಬಸ್ಸು ಹಿಡಿದು ಹೋಗಿ ನೋಡುತ್ತಿದ್ದ ಇಂಗ್ಲಿಷ್ ಚಿತ್ರಗಳು ಇಂದು ಅಂಗೈಯ ಫೋನಿಗೇ ಬರುತ್ತವೆ. ಸಿಗುವುದಿಲ್ಲವೆಂಬ ನೆಪ ಈಗ ಇಲ್ಲ. ಉಳಿದಿರುವುದು ನೋಡುವ ಮನಸ್ಸು ಮಾತ್ರ. ನ್ಯಾಯಾಧೀಶನು ಎದುರು ನಿಂತವನ ಮಾತನ್ನು ಕೇಳುವ ಮೊದಲೇ ತೀರ್ಪು ಬರೆದರೆ ಅದನ್ನು ಅನ್ಯಾಯವೆನ್ನುತ್ತೇವೆ. ಎಪ್ಪತ್ತಮೂರು ನಿಮಿಷ ಕುಳಿತು ಕೇಳುವುದು ಅಂಥ ದೊಡ್ಡ ಶ್ರಮವೇನೂ ಅಲ್ಲ.